ಮನೆಯೊಳಗೆ ಶಿಸ್ತು, ಕಾರ್ ಹತ್ತಿದ್ರೆ ಕಿಟಕಿಯಿಂದ ಕಸ: ಗಂಡಂಗೆ ಹೆಂಗೆ ಹೇಳೋದು?

ಹೊಸಸಂಸಾರ:
ಎಲ್ರಿಗೂ ನಮಸ್ಕಾರ, ತೀರಾ ಚಿಕ್ಕ ವಿಷ್ಯ ಅನ್ಸಬೋದು ಆದ್ರೂ ಕೇಳ್ತಿದೀನಿ. ಮದ್ವೆಯಾಗಿ ಇನ್ನೂ ಹೊಸದು. ಮನುಷ್ಯ ಒಳ್ಳೇವ್ರೇ, ಮನೆಯೊಳಗಂತೂ ನನಗಿಂತ ಅಚ್ಚುಕಟ್ಟು, ಟವಲ್ ಮಡಚೋದ್ರಲ್ಲೂ ಒಂದು ಲೆಕ್ಕ. ಅದೇ ಮನುಷ್ಯ ಕಾರ್ ಹತ್ತಿದ್ರೆ ಸಾಕು ಟಿಶ್ಯೂ, ಪಾರ್ಕಿಂಗ್ ಚೀಟಿ, ಖಾಲಿ ಬಾಟ್ಲಿ ಎಲ್ಲಾ ಗ್ಲಾಸ್ ಇಳ್ಸಿ ಹೊರಗೆ! ಮ್ಯಾಚ್ ಇದ್ದಾಗ ಬಾವುಟ ಹಿಡಿಯೋದೇನು, ದೇಶದ ಬಗ್ಗೆ ಗಂಟೆಗಟ್ಲೆ ಮಾತಾಡೋದೇನು. ಮೊದ್ಲು ಸುಮ್ನಿದ್ದೆ, ಹೊಸದ್ರಲ್ಲೇ ಯಾಕೆ ಕಿರಿಕಿರಿ ಅಂತ. ಮೊನ್ನೆ ಅವ್ರ ಫ್ರೆಂಡ್ಸ್ ಕೂತಿರೋವಾಗ್ಲೇ "ದೇಶಪ್ರೇಮ ಕಿಟಕಿ ಒಳಗಡೆ ಮಾತ್ರಾನಾ" ಅಂದೆ, ಆವತ್ತಿಂದ ಮುಖ ಊದ್ಸ್ಕೊಂಡಿದಾರೆ. ನೀನೊಬ್ಳು ಹೇಳಿದ್ರೆ ದೇಶ ಉದ್ಧಾರ ಆಗ್ಬಿಡತ್ತಾ ಅಂತಾರೆ. ಇದನ್ನ ಬಿಟ್ಬಿಡ್ಲಾ ಅಥವಾ ಹಟ ಹಿಡೀಲಾ?

ಹಳೇ_ಜೋಡಿ:
ನೀವ್ ಹೇಳಿದ್ದು ಸರಿ, ಆದ್ರೆ ಫ್ರೆಂಡ್ಸ್ ಮುಂದೆ ಹೇಳಿದ್ಮೇಲೆ ಅದು ಕಸದ ಜಗಳ ಆಗಿ ಉಳಿಯಲ್ಲ ಕಣ್ರಿ, ಮರ್ಯಾದೆ ಜಗಳ ಆಗೋಗತ್ತೆ. ಮದ್ವೆಯಾದ ಹೊಸದ್ರಲ್ಲಿ ಪ್ರತಿ ಸಣ್ಣ ವಿಷ್ಯದ ಹಿಂದೂ "ಇನ್ಮುಂದೆ ಯಾರ್ ಮಾತು ನಡೆಯತ್ತೆ" ಅನ್ನೋ ಪ್ರಶ್ನೆ ಅಡಗಿರತ್ತೆ, ಲೈಟ್ ಆಫ್ ಮಾಡೋದ್ರಿಂದ ಹಿಡ್ದು ಯಾರ ಕಡೆಯೋರಿಗೆ ಮೊದ್ಲು ಫೋನ್ ಮಾಡೋದು ಅನ್ನೋವರ್ಗೂ. ಈಗ ಅವ್ರು ಬಾಟ್ಲಿ ಒಳಗಿಟ್ಕೊಂಡ್ರೆ ಸೋತಂಗೆ, ಹಂಗಾಗಿ ಬೇಕಂತ್ಲೇ ಎಸೀತಾರೆ. ಸ್ವಲ್ಪ ದಿನ ಆ ಮಾತೇ ಎತ್ಬೇಡಿ, ಬಿಟ್ಬಿಡಿ ಅಂತಲ್ಲ, ಬಿಸಿ ಆರ್ಲಿ ಅಂತ.

ಅಂಕಿಅಂಶ_ಪ್ರಿಯ:
ಮೇಲಿನೋರು ಹೇಳಿದ್ದಕ್ಕೆ ಸೇರಿಸ್ತೀನಿ. ಜನ ಕಸ ಯಾಕೆ ಎಸೀತಾರೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತೆ ಜೊತೆಯೋರು ಮಾಡಿರೋ ಪ್ರಯೋಗಗಳಿದಾವೆ, 1990ರಲ್ಲಿ ಪ್ರಕಟ ಆಗಿದ್ದು. ಮೊದ್ಲೇ ಗಲೀಜಿರೋ ಜಾಗದಲ್ಲಿ ಜನ ಜಾಸ್ತಿ ಎಸೀತಾರೆ, ಕ್ಲೀನಾಗಿರೋ ಕಡೆ ಕಮ್ಮಿ. ಅಂದ್ರೆ ಎಸೆಯೋನು ಪ್ರತಿ ಸಲ ಕೂತು ಯೋಚ್ನೆ ಮಾಡಿ ಎಸೆಯಲ್ಲ, ಸುತ್ತಮುತ್ತ ನೋಡಿ "ಇಲ್ಲಿ ಇದೇ ನಡೆಯೋದು" ಅಂತ ಅಂದ್ಕೋತಾನೆ. ನಿಮ್ಮೋರು ಮನೇಲಿ ಶಿಸ್ತು ರೋಡಲ್ಲಿ ಇಲ್ಲ ಅನ್ನೋದಕ್ಕೆ ಅರ್ಧ ಉತ್ರ ಇಲ್ಲೇ ಇದೆ, ಅವ್ರ ಕಣ್ಣಿಗೆ ರೋಡು ಆಗ್ಲೇ ಕಸದ್ದೇ ಜಾಗ.

ಇನ್ನೊಂದು, ಟೆಕ್ಸಾಸಲ್ಲಿ ಹೆದ್ದಾರಿ ಕಸ ಎತ್ತೋ ಖರ್ಚು ತಡೀಲಾರ್ದೆ 1986ರಲ್ಲಿ ಒಂದು ಜಾಹೀರಾತು ಶುರು ಮಾಡಿದ್ರು. ಕಿಟಕಿಯಿಂದ ಎಸೆಯೋರಲ್ಲಿ ಹೆಚ್ಚಿನೋರು ವಯಸ್ಸಿನ ಹುಡುಗ್ರು, ಅವ್ರಿಗೆ ಪರಿಸರ ಉಪದೇಶ ನಾಟಲ್ಲ ಅಂತ ಲೆಕ್ಕ ಹಾಕಿ "ಇದು ನಮ್ ಟೆಕ್ಸಾಸ್, ಇದ್ರ ತಂಟೆಗೆ ಬರ್ಬೇಡ" ಅನ್ನೋ ಗತ್ತಲ್ಲಿ ಹೇಳಿಸಿದ್ರು, ಅದು ಕೆಲ್ಸ ಮಾಡ್ತು. ಬಾವುಟ ಹಿಡಿಯೋ ಗಂಡಂಗೆ ಅದೇ ದಾರಿ ನೋಡಿ. ಚುಚ್ಚಿ ಅಲ್ಲ, ಹುರಿದುಂಬಿಸಿ.

ಸುಮ್ನೆ_ಓದೋನು:
ಇಷ್ಟೆಲ್ಲಾ ಮನಶ್ಶಾಸ್ತ್ರ ಬೇಡ, ದಂಡ ಹಾಕಿದ್ರೆ ಸರಿಹೋಗ್ತಾರೆ. ಸಿಂಗಪುರ ನೋಡಿ, 1992ರಿಂದ ಕಸ ಹಾಕಿ ಸಿಕ್ಕಿಬಿದ್ದೋರಿಗೆ ಎದ್ದು ಕಾಣೋ ಜಾಕೆಟ್ ಹಾಕ್ಸಿ ಎಲ್ರ ಮುಂದೆ ಗುಡಿಸೋಕೆ ಹಚ್ತಾರೆ.

ಅಂಕಿಅಂಶ_ಪ್ರಿಯ:
ಗಂಡಂಗೆ ಜಾಕೆಟ್ ಹಾಕ್ಸೋರು ಯಾರು ಸ್ವಾಮಿ 😄 ಸಿಂಗಪುರದಲ್ಲೂ ದಂಡ ಒಂದೇ ಅಲ್ಲ, 1968ರಲ್ಲೇ ಸ್ವಚ್ಛತಾ ಅಭಿಯಾನ ಶುರು ಮಾಡಿ ಜನಕ್ಕೆ ತಿಳಿಹೇಳ್ತಾ ಬಂದಿದಾರೆ.

ವಾಕಿಂಗ್_ಪಾರ್ಟಿ:
ನಮ್ಮನೇಲಿ ಉಲ್ಟಾ. ನನ್ ಹೆಂಡ್ತಿ ವಾಕಿಂಗ್ ಬಂದ್ರೆ ಗ್ಲೌಸ್ ಹಾಕ್ಕೊಂಡು ಕಂಡೋರ ಕಸ ಎಲ್ಲಾ ಎತ್ತಾಳೆ, ನಾನು ಪಕ್ಕದಲ್ಲಿ ಯಾರ್ಗೋ ಕಾಯೋ ಥರ ಮೊಬೈಲ್ ನೋಡ್ತಾ ನಿಂತಿರ್ತೀನಿ. ಸ್ವೀಡನ್ನಲ್ಲಿ ಇದಕ್ಕೆ ಪ್ಲಾಗಿಂಗ್ ಅಂತ ಹೆಸ್ರೇ ಇದೆ, ಓಡ್ತಾ ಕಸ ಎತ್ತೋದು. ಅವ್ಳು ಯಾವತ್ತೂ ನೀನೂ ಎತ್ತು ಅಂದಿಲ್ಲ. ಸಿಗರೇಟ್ ಫಿಲ್ಟರ್ ಹತ್ತಿ ಅಲ್ಲ, ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕು, ವರ್ಷಗಟ್ಲೆ ಕರಗಲ್ಲ ಅಂತ ಮಾತ್ರ ಒಂದಿನ ಹೇಳಿದ್ಳು. ಈಗ ಚೀಲ ಹಿಡ್ಕೊಳೋದು ನಾನೇ, ಹೆಂಗಾಯ್ತೋ ಗೊತ್ತಿಲ್ಲ.

ನಿಮಗೆ ಹೇಳೋದಾದ್ರೆ ಮೊದ್ಲು ಕಾರಲ್ಲಿ ಕಸಕ್ಕೆ ಜಾಗ ಮಾಡಿ. ಬಾಗ್ಲಿನ ಪಾಕೀಟಲ್ಲ, ಗೇರ್ ಹತ್ರ ಕೈಗೆ ಸಿಗೋ ಕಡೆ ಮುಚ್ಚಳ ಇರೋ ಡಬ್ಬ. ಅಭ್ಯಾಸಕ್ಕೆ ಕೈ ಎಲ್ಲಿ ಹೋಗತ್ತೆ ಅನ್ನೋದೇ ಮುಖ್ಯ. ಟೋಕಿಯೋದಲ್ಲಿ 1995ರ ಸಾರಿನ್ ವಿಷಾನಿಲ ದಾಳಿ ಆದ್ಮೇಲೆ ಬೀದಿ ಕಡೆಯ ಕಸದ ಡಬ್ಬಗಳನ್ನ ಬಹಳಷ್ಟು ತೆಗೆದ್ಬಿಟ್ರು, ಆದ್ರೂ ಜನ ಬ್ಯಾಗಲ್ಲಿ ಕಸ ಇಟ್ಕೊಂಡು ಮನೆಗೆ ಒಯ್ತಾರೆ. ಅಲ್ಲಿ ಮಕ್ಳು ಸ್ಕೂಲಲ್ಲೇ ತಮ್ ಕ್ಲಾಸ್‌ರೂಮ್ ತಾವೇ ಗುಡಿಸಿ ಬೆಳೆದಿರ್ತಾರೆ. ನಿಮ್ಮೋರಿಗೆ ಆ ಭಾಗ್ಯ ಸಿಕ್ಕಿಲ್ಲ, ಡಬ್ಬದಿಂದ್ಲೇ ಶುರು ಮಾಡಿ.

ಹೊಸಸಂಸಾರ:
ಎಲ್ರಿಗೂ ಥ್ಯಾಂಕ್ಸ್. ಜಗಳದ ಮಾತು ಎತ್ಲೇ ಇಲ್ಲ, ಸುಮ್ನೆ ಡಬ್ಬ ತಂದಿಟ್ಟೆ. ಎರಡು ಸಲ ಗೊಣಗಿದ್ರು, ಜಾಗ ಇಲ್ಲ ಅಂತ. ಈಗ ಅದ್ರಲ್ಲೇ ಹಾಕ್ತಿದಾರೆ, ಬಾಟ್ಲಿನೂ ಕೂಡ. ನಿನ್ನೆ ಫ್ರೆಂಡ್ ಒಬ್ರು ಗ್ಲಾಸ್ ಇಳ್ಸಕ್ಕೆ ಹೋದ್ರೆ "ಏ, ಡಬ್ಬ ಇದೆಯಲ್ಲೋ" ಅಂದ್ರು, ನಾನು ಬಾಯ್ಮುಚ್ಕೊಂಡು ಹೊರಗೆ ನೋಡ್ತಾ ಕೂತಿದ್ದೆ, ನಗು ತಡ್ಕೊಳೋಕಾಗ್ದೆ. ಈಗ ಹೊಸಾ ಜಗಳ ಶುರುವಾಗಿದೆ, ಆ ಡಬ್ಬ ಖಾಲಿ ಮಾಡೋದು ಯಾರು? ತುಂಬಿ ತುಳುಕ್ತಿದೆ, ಇಬ್ರೂ ನೋಡ್ದೋರ ಥರ ಇದೀವಿ.

ಹಳೇ_ಜೋಡಿ:
ಗಾಡಿ ಓಡಿಸಿದೋರು ಖಾಲಿ ಮಾಡ್ಬೇಕು. ಈಗ್ಲೇ ರೂಲ್ ಮಾಡ್ಬಿಡಿ, ಆಮೇಲೆ ನಿಮ್ ತಲೆಗೇ ಕಟ್ತಾರೆ.

ಸುಮ್ನೆ_ಓದೋನು:
ಅದಕ್ಕೇ ಹೇಳಿದ್ದು, ದಂಡ ಹಾಕಿ ಅಂತ.