6 ಇಂಚಿನ ಕನ್ನಡಿಗೆ ಬೆಳ್ಳಿ ಹಿಡಿಯುತ್ತಿಲ್ಲ, ಒಂದು ಬದಿ ಕಂದು ಮಂಜು. ಗೊತ್ತಿದ್ದವರು ಹೇಳಿ

ಉಡುಪಿ_ದುರ್ಬೀನು
ಸಾಕಾಗಿ ಹೋಗಿದೆ ಮಾರಾಯ್ರೆ. ದುರ್ಬೀನಿಗೆ ನಾನೇ ಉಜ್ಜಿ ಮಾಡಿದ ಕನ್ನಡಿ, 6 ಇಂಚು, ಎಫ್8 (ಫೋಕಸ್ ದೂರ ಅಗಲದ ಎಂಟರಷ್ಟು). ಬೆಳ್ಳಿ ಲೇಪ ಸರಿಯಾಗಿ ಕೂರುತ್ತಿಲ್ಲ. ನಡುವೆ ಚೆನ್ನಾಗಿ ಹೊಳೆಯುತ್ತದೆ, ಒಂದು ಬದಿಯಲ್ಲಿ ಮಾತ್ರ ಕಂದು ಮಂಜು. ಒಣಗಿದ ಮೇಲೆ ಹತ್ತಿ ತಾಗಿಸಿದರೆ ಆ ಭಾಗದ ಬೆಳ್ಳಿ ಎದ್ದು ಹತ್ತಿಗೇ ಬರುತ್ತದೆ. ನೈಟ್ರಿಕ್ ಆಸಿಡ್‌ನಲ್ಲಿ ಎಲ್ಲ ಕರಗಿಸಿ, ತೊಳೆದು ಮತ್ತೆ ಹಾಕಿದರೂ ಅದೇ ಕಥೆ. ಮಾಡುವ ಕ್ರಮ ಎಲ್ಲರದ್ದೇ: ಸಿಲ್ವರ್ ನೈಟ್ರೇಟ್, ಅಮೋನಿಯಾ, ಕಾಸ್ಟಿಕ್ ಸೋಡಾ, ಗ್ಲೂಕೋಸ್. ಸಿಲ್ವರ್ ನೈಟ್ರೇಟಿನ ರೇಟು ನಿಮಗೆ ಗೊತ್ತಲ್ಲ. ಇನ್ನೂ ಸುಮ್ನೆ ಸುರಿಯುತ್ತ ಕೂರಲು ನನ್ನಿಂದ ಆಗುವುದಿಲ್ಲ. ಏನು ಕಾರಣ?

ಬೋರ್‌ವೆಲ್
ನೀರು. ಬೇರೆ ಏನೂ ಅಲ್ಲ. ನೀರಿನಲ್ಲಿ ಕ್ಲೋರೈಡ್ ಇದ್ದರೆ ಬೆಳ್ಳಿ ಅದರ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತದೆ. ಕರಾವಳಿಯ ಬಾವಿ ನೀರು ಅಂದರೆ ಕೇಳುವುದೇ ಬೇಡ. ಒಂದು ಲೋಟದಲ್ಲಿ ನಿಮ್ಮ ನೀರು ತಗೊಂಡು ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಬೆಳ್ಳಗಾದರೆ ಮುಗಿಯಿತು.

ಉಡುಪಿ_ದುರ್ಬೀನು
ಬಾವಿ ನೀರು ಯಾರು ಹಾಕುತ್ತಾರೆ ಸ್ವಾಮಿ? ಡಿಸ್ಟಿಲ್ಡ್ ವಾಟರೇ. ಬ್ಯಾಟರಿಗೆ ಹಾಕುವ ಕ್ಯಾನ್ ಬರುತ್ತದಲ್ಲ, ಅದು.

ಬೋರ್‌ವೆಲ್
ಬ್ಯಾಟರಿ ನೀರು! ಹೇಳಿದೆನಲ್ಲ. ಚೀಟಿಯ ಮೇಲೆ ಡಿಸ್ಟಿಲ್ಡ್ ಅಂತ ಇರುತ್ತದೆ, ಒಳಗೆ ಏನಿದೆಯೋ ದೇವರೇ ಬಲ್ಲ. ಹನಿ ಪರೀಕ್ಷೆ ಮಾಡಿ ಬನ್ನಿ.

ಡಾಬ್_12ಇಂಚು
ಮೊದಲು ಗಾಜು ಯಾವುದು ಅಂತ ಹೇಳಿ. ಅದನ್ನು ಬಿಟ್ಟು ಎಲ್ಲ ಬರೆದಿದ್ದೀರಿ.

ಉಡುಪಿ_ದುರ್ಬೀನು
ಗಾಜಿನ ಅಂಗಡಿಯ 19 ಮಿಮೀ ಫ್ಲೋಟ್ ಗ್ಲಾಸ್. ಮತ್ತೆ ಯಾವುದು ಸಿಗುತ್ತದೆ ಇಲ್ಲಿ?
ಹನಿ ಪರೀಕ್ಷೆ ಆಯಿತು. ನೀರು ತಿಳಿಯಾಗಿಯೇ ಇದೆ.

ಡಾಬ್_12ಇಂಚು
ಅಲ್ಲೇ ಇದೆ ತೊಂದರೆ. ಫ್ಲೋಟ್ ಗ್ಲಾಸನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಒಂದು ಮುಖಕ್ಕೆ ತವರ ಇಳಿದಿರುತ್ತದೆ. ತವರದ ಮುಖ, ಗಾಳಿಯ ಮುಖ ಎರಡೂ ಬೇರೆ ಬೇರೆ ಥರ ವರ್ತಿಸುತ್ತವೆ. 254 ನ್ಯಾನೋಮೀಟರಿನ ಯುವಿ ದೀಪ ಹಿಡಿದರೆ ತವರದ ಮುಖ ಮಂಜಾಗಿ ಬೆಳಗುತ್ತದೆ, ನೋಡಿ. ನನ್ನದು 12 ಇಂಚಿನ ಬೋರೋಸಿಲಿಕೇಟ್ ಗಾಜಿನ ಕನ್ನಡಿ. ಬಿಸಿಗೆ ಅದರ ಹಿಗ್ಗುವಿಕೆ ನಿಮ್ಮ ಗಾಜಿನ ಸುಮಾರು ಮೂರನೇ ಒಂದು ಭಾಗ. ಚಿಕ್ಕಮಗಳೂರಿನ ಚಳಿಯಲ್ಲಿ ಹೊರಗೆ ತಂದಿಟ್ಟರೂ ಬಿಂಬ ಕದಲುವುದಿಲ್ಲ. ಕಳೆದ ಅಮಾವಾಸ್ಯೆಗೆ ಆಕಾಶದ ವೀಲ್ ನೆಬ್ಯುಲಾ ಅನಿಲ ಮೋಡದ ಎಳೆ ಎಳೆ ಎಣಿಸಿದೆವು.

ಪಿಚ್_ಲ್ಯಾಪ್
12 ಇಂಚಣ್ಣ, ನಿಮ್ಮ ಡಾಬ್ (ಡಾಬ್ಸೋನಿಯನ್ ದುರ್ಬೀನು) ಚೆನ್ನಾಗಿದೆ, ಎಲ್ಲರಿಗೂ ಗೊತ್ತು. ಆದರೆ ತವರದ ಮಾತು ಇಲ್ಲಿ ನಡೆಯುವುದಿಲ್ಲ. 6 ಇಂಚು ಎಫ್8 ಅಂದರೆ ನಡುವೆ ಸುಮಾರು 1.2 ಮಿಮೀ ಗಾಜು ಉಜ್ಜಿ ತೆಗೆದಿರುತ್ತಾರೆ. ಅಂಚಿನಲ್ಲೂ ಒರಟು ಪುಡಿಯಿಂದ ನಯವಾದ ಪುಡಿಯವರೆಗೆ ಎಲ್ಲ ಓಡಿರುತ್ತದೆ. ತವರ ಇಳಿದಿರುವುದು ಕೆಲವೇ ಮೈಕ್ರಾನ್ ಆಳಕ್ಕೆ. ಅದು ಯಾವತ್ತೋ ತೊಳೆದುಹೋಗಿ ಚರಂಡಿ ಸೇರಿರುತ್ತದೆ.

ಇನ್ನು ಬೋರೋಸಿಲಿಕೇಟ್ ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವುದು ದುಡ್ಡಿದ್ದವರ ಮಾತು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಹೂಕರ್ ದೂರದರ್ಶಕದ ಕನ್ನಡಿ ಫ್ರಾನ್ಸಿನಲ್ಲಿ ಎರಕ ಹೊಯ್ದ ಮಾಮೂಲಿ ಪ್ಲೇಟ್ ಗ್ಲಾಸು. 1917ರಿಂದ ಕೆಲಸ ಮಾಡಿದೆ. 1935ರವರೆಗೆ ಅದರ ಮೇಲೆ ಇದ್ದದ್ದೂ ಬೆಳ್ಳಿಯೇ, ಆಮೇಲೆ ಅಲ್ಯೂಮಿನಿಯಂ ಆಯಿತು. ಖಗೋಳಜ್ಞ ಹಬಲ್ ಗೆಲಾಕ್ಸಿಗಳ ದೂರ ಅಳೆದದ್ದು ಅದೇ ಗಾಜಿನಲ್ಲಿ.

ಹೊಸ_ಕಣ್ಣು
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಾಜು ನಿಜವಾಗಿ ದ್ರವ, ನಿಧಾನಕ್ಕೆ ಹರಿಯುತ್ತದೆ ಅಂತ ಶಾಲೆಯಲ್ಲಿ ಹೇಳಿದ್ದರು. ಹಳೇ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪ ಇರುತ್ತದಂತೆ. ಈ ಕನ್ನಡಿಯ ಮೇಲ್ಮೈ ಹರಿದು ಹಾಗಾಗಿರಬಹುದೇ?

ಪಿಚ್_ಲ್ಯಾಪ್
ಇಲ್ಲ.

ಡಾಬ್_12ಇಂಚು
ಹೊಸಬರಿಗೆ ಹಾಗೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಬಾರದು. ಪುಸ್ತಕಗಳಲ್ಲಿ 'ಸೂಪರ್‌ಕೂಲ್ಡ್ ಲಿಕ್ವಿಡ್' ಅಂತಲೇ ಇರುತ್ತದೆ.

ಪಿಚ್_ಲ್ಯಾಪ್
ಪುಸ್ತಕದಲ್ಲಿ ಇರಲಿ. ಕನ್ನಡಿಯ ಆಕಾರ ನಾವು ನೋಡುವುದು ಹತ್ತಾರು ನ್ಯಾನೋಮೀಟರಿನ ಲೆಕ್ಕದಲ್ಲಿ. ಗಾಜು ಹರಿಯುವುದಾದರೆ ಹೂಕರ್ ಕನ್ನಡಿ ನೂರು ವರ್ಷದಲ್ಲಿ ಅಡುಗೆಮನೆಯ ತಟ್ಟೆ ಆಗಬೇಕಿತ್ತು. ಆಗಲಿಲ್ಲ, ಅಲ್ವಾ? ಹಳೇ ಕಿಟಕಿ ಗಾಜನ್ನು ಊದಿ, ತಿರುಗಿಸಿ ಮಾಡುತ್ತಿದ್ದರು. ದಪ್ಪ ಒಂದೇ ಸಮ ಬರುತ್ತಿರಲಿಲ್ಲ. ಅಷ್ಟೇ ವಿಷಯ.

ಸಿಲಿಕಾ_ಮೇಡಂ
ಹರಿಯುವ ವಿಷಯವನ್ನು ಅಲ್ಲಿಗೆ ಬಿಡಿ. ಹೊಸ ಕಣ್ಣು ಅವರಿಗೆ ಚಿಕ್ಕದಾಗಿ: ಕ್ವಾರ್ಟ್ಜ್ ಹರಳಿನಲ್ಲೂ ಗಾಜಿನಲ್ಲೂ ಇಟ್ಟಿಗೆ ಒಂದೇ. ಒಂದು ಸಿಲಿಕಾನ್, ಸುತ್ತ ನಾಲ್ಕು ಆಕ್ಸಿಜನ್. ಹರಳಿನಲ್ಲಿ ಆ ಕ್ರಮ ಎಷ್ಟು ದೂರ ಹೋದರೂ ಹಾಗೇ ಮುಂದುವರಿಯುತ್ತದೆ. ಗಾಜಿನಲ್ಲಿ ಹತ್ತಿರದ ಕೆಲವು ಪರಮಾಣುಗಳ ಮಟ್ಟಿಗೆ ಕ್ರಮ ಇದೆ, ಅದರಾಚೆ ಇಲ್ಲ. 1932ರಲ್ಲಿ ವಿಜ್ಞಾನಿ ಜಕರಿಯಾಸೆನ್ ಬರೆದದ್ದು ಇದನ್ನೇ. ಕ್ರಮ ಇಲ್ಲ ಅಂದ ಮಾತ್ರಕ್ಕೆ ದ್ರವ ಅಲ್ಲ.

ಉಡುಪಿಯವರೇ, ಈಗ ನಿಮಗೆ ಕೆಲವು ಪ್ರಶ್ನೆ. ಕಲೆ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದೆಯೇ? ಪಾಲಿಶ್ ಮುಗಿದದ್ದು ಯಾವಾಗ? ಬೆಳ್ಳಿ ಹಾಕುವ ಮುಂಚೆ ಸ್ಟಾನಸ್ ಕ್ಲೋರೈಡ್ (ತವರದ ಲವಣ) ಹಚ್ಚುತ್ತೀರಾ? ಇನ್ನೊಂದು, ಬೆಳ್ಳಿ ತೆಗೆದ ಬರೀ ಗಾಜಿನ ಮೇಲೆ 'ಹಾ' ಅಂತ ಬಾಯಿಂದ ಉಸಿರು ಬಿಟ್ಟು ನೋಡಿ. ಏನು ಕಾಣುತ್ತದೆ ಹೇಳಿ.

ಬೋರ್‌ವೆಲ್
ಸ್ಟಾನಸ್ ಕ್ಲೋರೈಡ್! ಅದರಲ್ಲೂ ಕ್ಲೋರೈಡೇ. ತೊಳೆದದ್ದು ಸಾಲದೆ ಉಳಿದಿರುತ್ತದೆ. ನಾನು ಹೇಳಿದ್ದೇ ಆಯಿತು, ದಾರಿ ಬೇರೆ ಅಷ್ಟೇ.

ಉಡುಪಿ_ದುರ್ಬೀನು
ಮೇಡಂ, ಹೌದು, ಕಲೆ ಅದೇ ಜಾಗದಲ್ಲಿ. ಸ್ಟಾನಸ್ ಕ್ಲೋರೈಡ್ ಹಚ್ಚುತ್ತೇನೆ, ಆಗಷ್ಟೇ ಕಲಸಿದ್ದು. ಪಾಲಿಶ್ ಮುಗಿದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಮಳೆ ಶುರುವಾಯಿತು. ಕನ್ನಡಿ ತೊಳೆದು, ನ್ಯೂಸ್ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ. ದೀಪಾವಳಿ ಕಳೆದ ಮೇಲೆ ತೆಗೆದೆ. ಅದಕ್ಕೂ ಇದಕ್ಕೂ ಏನು ಸಂಬಂಧವೋ ಗೊತ್ತಾಗಲಿಲ್ಲ.
ಉಸಿರು ಬಿಟ್ಟರೆ ನಡುವೆ ಒಂದೇ ಸಮ ಮಂಜು ಕಟ್ಟುತ್ತದೆ. ಆ ಬದಿಯಲ್ಲಿ ಮಾತ್ರ ಗೀಟು ಗೀಟು, ಪೇಪರಿನ ಮಡಿಕೆ ಎಲ್ಲಿತ್ತೋ ಅಲ್ಲಿ. ಒಣಗಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ.

ಅಂದ ಹಾಗೆ, ಕಳೆದ ಸಲದ ಬೆಳ್ಳಿ ದ್ರಾವಣ ಅರ್ಧ ಬಾಟಲಿ ಉಳಿದಿದೆ. ಅದನ್ನೇ ಮತ್ತೆ ಬಳಸಬಹುದೇ? ದುಡ್ಡು ಉಳಿಯುತ್ತದೆ.

ಸಿಲಿಕಾ_ಮೇಡಂ
ಉಳಿದದ್ದೆಲ್ಲ ಆಮೇಲೆ. ಆ ಬಾಟಲಿ ಇಟ್ಟುಕೊಳ್ಳಬೇಡಿ. ಅಮೋನಿಯಾ ಹಾಕಿದ ಬೆಳ್ಳಿ ದ್ರಾವಣ ನಿಂತರೆ ಸಿಡಿಯುವ ಕಪ್ಪು ಗಸಿ ಕಟ್ಟುತ್ತದೆ. ಅಲ್ಲಾಡಿಸಿದರೂ ಸಾಕು, ಸಿಡಿಯಬಹುದು. ಈ ದ್ರಾವಣವನ್ನು ಬೇಕಾದಾಗ ಮಾಡಿ ಅವತ್ತೇ ಮುಗಿಸಬೇಕು. ಮಿಕ್ಕಿದ್ದಕ್ಕೆ ಕೂಡಲೇ ಧಾರಾಳ ನೀರು ಬೆರೆಸಿ, ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಬೆಳ್ಳಿ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ. ನಿಮ್ಮದು ಎಷ್ಟು ಹಳೆಯದು? ಕಪ್ಪು ಗಸಿ ಕಂಡರೆ ಮುಟ್ಟಲೇಬೇಡಿ, ಮುಚ್ಚಳ ತಿರುಗಿಸಲೂ ಹೋಗಬೇಡಿ. ಮನೆಯವರನ್ನು ದೂರ ಇಟ್ಟು ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಉಡುಪಿ_ದುರ್ಬೀನು
ಇವತ್ತು ಬೆಳಗ್ಗೆ ಕಲಸಿದ್ದು ಮೇಡಂ. ತಿಳಿಯಾಗಿಯೇ ಇತ್ತು. ನೀವು ಹೇಳಿದ ಹಾಗೆ ಈಗಲೇ ಮಾಡಿ ಮುಗಿಸಿದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲವಲ್ಲ!

ಸಿಲಿಕಾ_ಮೇಡಂ
ಒಳ್ಳೆಯದಾಯಿತು. ಈಗ ಕಲೆಯ ವಿಷಯ.

ದ್ರಾವಣದ ತಪ್ಪಾದರೆ ಕಲೆ ಜಾಗ ಬದಲಿಸುತ್ತದೆ. ನಿಮ್ಮದು ಬದಲಿಸುತ್ತಿಲ್ಲ. ಹಾಗಾಗಿ ಗಾಜನ್ನೇ ನೋಡಬೇಕು. ಕಿಟಕಿ ಗಾಜಿನಲ್ಲಿ ಸುಮಾರು ಶೇಕಡಾ 72 ಸಿಲಿಕಾ, 13-14 ಸೋಡಿಯಂ ಆಕ್ಸೈಡ್. ಉಳಿದದ್ದರಲ್ಲಿ ಸುಣ್ಣದ ಪಾಲೇ ಜಾಸ್ತಿ. ಸೋಡಿಯಂ ಸೇರಿದ ಕಡೆ ಸಿಲಿಕಾನ್-ಆಕ್ಸಿಜನ್ ಜಾಲ ತುಂಡಾಗಿರುತ್ತದೆ. ಅಲ್ಲಿ ಸೋಡಿಯಂ ಸಡಿಲವಾಗಿ ಕೂತಿರುತ್ತದೆ. ನೀರು ತಾಗಿದರೆ ನೀರಿನ ಹೈಡ್ರೋಜನ್ ಒಳಗೆ ಹೋಗುತ್ತದೆ, ಸೋಡಿಯಂ ಹೊರಗೆ ಬರುತ್ತದೆ. ಹರಿಯುವ ನೀರಾದರೆ ಅದು ತೊಳೆದುಹೋಗುತ್ತದೆ, ದೊಡ್ಡ ತೊಂದರೆ ಇಲ್ಲ. ಚೀಲದೊಳಗಿನ ಪಸೆಗೆ ಹೋಗಲು ದಾರಿ ಇಲ್ಲ. ಪೇಪರಿನ ಮಡಿಕೆಯಲ್ಲಿ ನಿಂತ ತೆಳು ನೀರಿನಲ್ಲಿ ಕಾಸ್ಟಿಕ್ ಸೇರುತ್ತಲೇ ಹೋಗುತ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ) 9 ದಾಟಿದ ಮೇಲೆ ಅದು ಸಿಲಿಕಾ ಜಾಲವನ್ನೇ ತಿನ್ನಲು ಶುರು ಮಾಡುತ್ತದೆ. ಒಂದು ಮಳೆಗಾಲ ಪೂರ್ತಿ, ಅದೂ ಉಡುಪಿಯಲ್ಲಿ! ಗಾಜಿನ ಕಾರ್ಖಾನೆಯವರು ಹಾಳೆಗಳ ನಡುವೆ ಹುಳಿ ಗುಣದ ಪುಡಿ ಹಾಕಿ ಕಳಿಸುವುದು ಇದಕ್ಕೇ. ಹೊರಬಂದ ಕಾಸ್ಟಿಕ್ಕನ್ನು ಆ ಹುಳಿ ಮುರಿಯುತ್ತದೆ.

ಈಗ ಬೆಳ್ಳಿ. ಒಳ್ಳೆಯ ಗಾಜಿನ ಮೇಲ್ಮೈಯಲ್ಲಿ ತುಂಡಾದ ಕೊಂಡಿಗಳ ತುದಿಗೆ ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪುಗಳು ದಟ್ಟವಾಗಿ ಇರುತ್ತವೆ. ಶುದ್ಧ ಸಿಲಿಕಾದ ಲೆಕ್ಕ ಹಿಡಿದರೆ ಒಂದು ಚದರ ನ್ಯಾನೋಮೀಟರಿಗೆ ಹೆಚ್ಚುಕಡಿಮೆ ಐದು. ಸ್ಟಾನಸ್ ಕ್ಲೋರೈಡಿನ ತವರ ಹಿಡಿದುಕೊಳ್ಳುವುದು ಅಲ್ಲಿ. ಆ ತವರ ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟಾಗ ಬೆಳ್ಳಿಯ ಮೊದಲ ಕಣಗಳು ಹುಟ್ಟುತ್ತವೆ. ಅವು ಒತ್ತೊತ್ತಾಗಿ ಹುಟ್ಟಿದರೆ ಲೇಪ ನಯವಾಗಿ ಬರುತ್ತದೆ. ನಿಮ್ಮ ಕಲೆಯ ಜಾಗದಲ್ಲಿ ಗಾಜಿನ ಬದಲು ಸೋಡಿಯಂ ಕಳೆದುಕೊಂಡ, ನೀರು ಕುಡಿದ, ಸಣ್ಣ ಸಣ್ಣ ತೂತಿನ ಪದರ ಇದೆ. ಅಲ್ಲಿ ಬೆಳ್ಳಿ ದಪ್ಪ ಕಾಳಾಗಿ ಬೆಳೆಯುತ್ತದೆ, ಅದಕ್ಕೇ ಕಂದು. ಒಣಗುವಾಗ ಆ ಪದರ ಕುಗ್ಗುತ್ತದೆ, ಬೆಳ್ಳಿ ಏಳುತ್ತದೆ. ನೈಟ್ರಿಕ್ ಆಸಿಡ್ ಬೆಳ್ಳಿಯನ್ನೂ ಜಿಡ್ಡನ್ನೂ ತೆಗೆಯುತ್ತದೆ. ಈ ಪದರವನ್ನು ತೆಗೆಯುವುದಿಲ್ಲ.

ಬೋರ್‌ವೆಲ್
ವಿವರಣೆ ಚೆನ್ನಾಗಿದೆ ಮೇಡಂ. ಆದರೂ ಕ್ಲೋರೈಡನ್ನು ಪೂರ್ತಿ ಬಿಡಲು ನನಗೆ ಮನಸ್ಸಿಲ್ಲ. ಹನಿ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇದ್ದರೆ?

ಸಿಲಿಕಾ_ಮೇಡಂ
ಅಷ್ಟು ಕಡಿಮೆ ಇದ್ದರೆ ಈ ದ್ರಾವಣದಲ್ಲಿ ತೊಂದರೆ ಕೊಡುವುದಿಲ್ಲ. ಸಿಲ್ವರ್ ಕ್ಲೋರೈಡ್ ಅಮೋನಿಯಾದಲ್ಲಿ ಕರಗುತ್ತದೆ. ಮತ್ತೆ, ನೀರಿನ ದೋಷ ಪೇಪರಿನ ಮಡಿಕೆ ಹುಡುಕಿಕೊಂಡು ಹೋಗಿ ಕೂರುವುದಿಲ್ಲವಲ್ಲ.

ಪಿಚ್_ಲ್ಯಾಪ್
ಪರಿಹಾರ ಒಂದೇ, ಮತ್ತೆ ಪಾಲಿಶ್. ಪಿಚ್ ಲ್ಯಾಪ್ (ಪಾಲಿಶ್ ಮಾಡುವ ರಾಳದ ಅಚ್ಚು) ಬಿಸಿ ನೀರಲ್ಲಿ ಮೆತ್ತಗೆ ಮಾಡಿ, ಕನ್ನಡಿಗೆ ಒತ್ತಿ ಕೂರಿಸಿ, ಸೀರಿಯಂ ಆಕ್ಸೈಡ್ ಪಾಲಿಶ್ ಪುಡಿ ಹಾಕಿ ಅರ್ಧ ಗಂಟೆ ಓಡಿಸಿ. ಸೀರಿಯಂ ಬರೀ ಕೆರೆಯುವುದಿಲ್ಲ, ಸಿಲಿಕಾ ಜೊತೆ ಕೊಂಡಿ ಹಾಕಿ ಕಿತ್ತು ತರುತ್ತದೆ. ಆಮೇಲೆ ಉಸಿರು ಪರೀಕ್ಷೆ. ಗೀಟು ಕಂಡರೆ ಇನ್ನರ್ಧ ಗಂಟೆ. ಗೀಟು ಹೋದ ದಿನವೇ ಬೆಳ್ಳಿ ಹಾಕಿ. ನಾಳೆ ಅಂತ ಇಡಬೇಡಿ.

ಉಡುಪಿ_ದುರ್ಬೀನು
ಕನ್ನಡಿಯ ಪ್ಯಾರಾಬೋಲಾ ಆಕಾರ ಹೋಗಿಬಿಟ್ಟರೆ? ಅದನ್ನು ತರಲು ಪಟ್ಟ ಪಾಡು ನನಗೇ ಗೊತ್ತು.

ಪಿಚ್_ಲ್ಯಾಪ್
6 ಇಂಚು ಎಫ್8ಕ್ಕೆ ಹೆದರಬೇಡಿ. ಪೂರ್ತಿ ಗೋಳವಾದರೂ ಬೆಳಕಿನ ಅಲೆಯಲ್ಲಿ ತಪ್ಪು ಹೆಚ್ಚುಕಡಿಮೆ ಕಾಲು ತರಂಗ ಅಷ್ಟೇ. ಆದರೂ ಮುಗಿದ ಮೇಲೆ ಫೂಕೋ ಟೆಸ್ಟರ್ (ಕನ್ನಡಿಯ ಆಕಾರ ಪರೀಕ್ಷಿಸುವ ಸಾಧನ) ಇಟ್ಟು ನೋಡಿ. ಕಲೆ ಇದ್ದ ಕಡೆ ಮಾತ್ರ ಉಜ್ಜಲು ಹೋಗಬೇಡಿ, ಆಗ ನಿಜವಾಗಿ ಹಾಳಾಗುತ್ತದೆ.

ಡಾಬ್_12ಇಂಚು
ಇಷ್ಟೆಲ್ಲ ರಗಳೆ ಯಾಕೆ? ಅಲ್ಯೂಮಿನೈಸಿಂಗ್‌ಗೆ (ಅಲ್ಯೂಮಿನಿಯಂ ಲೇಪಕ್ಕೆ) ಕಳಿಸಿ. ನಾನು ತಮಿಳುನಾಡಿನ ಕಾವಲೂರು ವೀಕ್ಷಣಾಲಯಕ್ಕೆ ಹೋದಾಗ ವೈನು ಬಾಪ್ಪು ದೂರದರ್ಶಕ ನೋಡಿದ್ದೇನೆ. 2.34 ಮೀಟರಿನ ಕನ್ನಡಿ, ಗಾಜು ಜೆರೋಡರ್. ಅದು ಅರ್ಧಂಬರ್ಧ ಗಾಜು. ಶೇಕಡಾ 70ರಷ್ಟು ಭಾಗ ಒಳಗೇ ಬೆಳೆಸಿದ ಸಣ್ಣ ಹರಳುಗಳು. ಬಿಸಿಯಾದರೆ ಹರಳು ಕುಗ್ಗುತ್ತದೆ, ಗಾಜು ಹಿಗ್ಗುತ್ತದೆ, ಒಟ್ಟು ಬದಲಾವಣೆ ಹತ್ತಿರ ಹತ್ತಿರ ಸೊನ್ನೆ. ಅಂಥದ್ದು ಒಂದು 16 ಇಂಚು ಸಿಕ್ಕಿದರೆ...

ಪಿಚ್_ಲ್ಯಾಪ್
ಸಿಕ್ಕಿದರೆ ಬೇರೆ ಚರ್ಚೆ ಶುರು ಮಾಡಿ. ಕೆಟ್ಟ ಪದರದ ಮೇಲೆ ಅಲ್ಯೂಮಿನಿಯಂ ಹಾಕಿದರೂ ಮಡಿಕೆ ಕಾಣುತ್ತದೆ. ದುಡ್ಡು ಕೊಟ್ಟು ಮಡಿಕೆ ನೋಡಬೇಕು.

ಉಡುಪಿ_ದುರ್ಬೀನು
ಆಯಿತು! ಮತ್ತೆ ಪಾಲಿಶ್ ಮಾಡಿದೆ. ಉಸಿರು ಬಿಟ್ಟರೆ ಈಗ ಒಂದೇ ಸಮ ಮಂಜು. ಅವತ್ತೇ ಸಂಜೆ ಬೆಳ್ಳಿ ಹಾಕಿದೆ. ಕಂದು ಇಲ್ಲ, ಹತ್ತಿಯಲ್ಲಿ ಒರೆಸಿದರೂ ಏಳುತ್ತಿಲ್ಲ. ಬೋರ್‌ವೆಲ್ ಅವರೇ, ನೀರು ಅದೇ ಹಳೇ ಕ್ಯಾನಿನದು.

ಅಂಚಿನಲ್ಲಿ ಮಾತ್ರ ತೆಳುವಾದ ಒಂದು ಕಮಾನು ಉಳಿದಿದೆ, ಒಂದೆರಡು ಮಿಮೀ ಅಗಲ. ಅಲ್ಲಿ ಲ್ಯಾಪ್ ಸರಿಯಾಗಿ ತಾಗಿಲ್ಲ ಅನ್ನಿಸುತ್ತದೆ. ಮತ್ತೆ ಎಲ್ಲ ತೆಗೆಯಬೇಕೇ?

ಪಿಚ್_ಲ್ಯಾಪ್
ಬೇಡವೇ ಬೇಡ. ಕಪ್ಪು ಕಾಗದದ ಉಂಗುರ ಕತ್ತರಿಸಿ ಅಂಚು ಮುಚ್ಚಿಬಿಡಿ. ಅಲ್ಲಿ ಲ್ಯಾಪ್ ತಾಗಿಲ್ಲ ಅಂದರೆ ಅಂಚು ಇಳಿದಿರಲೂಬಹುದು. ಆ ಬೆಳಕು ಬರದಿದ್ದರೇ ಬಿಂಬಕ್ಕೆ ಒಳ್ಳೆಯದು.

ಹೊಸ_ಕಣ್ಣು
ಬೆಳ್ಳಿ ಎಷ್ಟು ದಿನ ಬಾಳುತ್ತದೆ? ಕರಾವಳಿ ಗಾಳಿಗೆ ಕಪ್ಪಾಗುವುದಿಲ್ಲವೇ?

ಸಿಲಿಕಾ_ಮೇಡಂ
ಆಗುತ್ತದೆ. ಗಾಳಿಯಲ್ಲಿನ ಗಂಧಕದಿಂದ ಸಿಲ್ವರ್ ಸಲ್ಫೈಡ್ ಕಟ್ಟುತ್ತದೆ. ಹೊಸದರಲ್ಲಿ ಅಲ್ಯೂಮಿನಿಯಂಗಿಂತ ಜಾಸ್ತಿ ಬೆಳಕು ಕೊಡುತ್ತದೆ, ಬಾಳಿಕೆ ಕಡಿಮೆ. ಬಳಸದಾಗ ಮುಚ್ಚಳ ಹಾಕಿ, ಒಳಗೆ ಸಿಲಿಕಾ ಜೆಲ್ ಇಡಿ. ಒದ್ದೆ ಇರುವಾಗ ಮುಚ್ಚಬೇಡಿ. ಪೇಪರಿನಲ್ಲಿ ಸುತ್ತಲಂತೂ ಬೇಡ.