ಗುಂಡಿಗೆ ಗಟ್ಟಿಯಾದರೆ ಒಳ್ಳೆಯದೋ ಕೆಟ್ಟದ್ದೋ?

ಬಳಗದವರಿಗೆ ಹಾಸನದಿಂದ ನಮಸ್ಕಾರ. ವ್ಯಾಯಾಮದಿಂದ ಬಿಗಿತ ಕಳೆದುಕೊಂಡ ಹೃದಯಕ್ಕೆ ಒಂದು ಕನ್ನಡ ಪದ ಬೇಕಾಗಿದೆ, ಅದಕ್ಕೇ ಈ ಪತ್ರ.

ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ನಮ್ಮ ಗುಂಪಿಗೆ ವೈದ್ಯರೊಬ್ಬರು ಬರುತ್ತಾರೆ. 2025ರಲ್ಲಿ ನಮ್ಮ ಜಿಲ್ಲೆಯ ಹೆಸರು ಹೃದಯಾಘಾತದ ಸುದ್ದಿಗಳಲ್ಲಿ ಓಡಾಡಿದ ಮೇಲೆ ಗುಂಪೂ ಬೆಳೆದಿದೆ, ಪ್ರಶ್ನೆಗಳೂ ಬೆಳೆದಿವೆ. ಹಾಗಾಗಿ ಒಂದು ಪುಟದ ಕರಪತ್ರ ಬರೆದುಕೊಡಿ ಎಂದು ಅವರು ನನಗೆ ಟಿಪ್ಪಣಿ ಕೊಟ್ಟರು. ನಾನು ಬರೆದ ಮೊದಲ ಸಾಲು: ‘ದಿನವೂ ವ್ಯಾಯಾಮ ಮಾಡಿದರೆ ಹೃದಯ ಗಟ್ಟಿಯಾಗುತ್ತದೆ.’ ಅವರು ಅದನ್ನೇ ಹೊಡೆದುಹಾಕಿದರು. ‘ಗಟ್ಟಿಯಾಗುವುದೇ ತೊಂದರೆ ಸ್ವಾಮಿ, ಅದನ್ನು ತಡೆಯುವುದಕ್ಕೇ ವ್ಯಾಯಾಮ’ ಎಂದರು.

ವಿಷಯ ಇಷ್ಟು. ವರ್ಷಗಟ್ಟಲೆ ಕೂತೇ ಇದ್ದವರಲ್ಲಿ ವಯಸ್ಸಾದಂತೆ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ, ಗೋಡೆ ಬಿಗಿಯುತ್ತದೆ. ರಕ್ತ ಬಂದಾಗ ಸರಾಗವಾಗಿ ಅಗಲವಾಗುವುದಿಲ್ಲ; ತುಂಬಿದ್ದೇ ಕಡಿಮೆಯಾದರೆ ಹೊರಗೆ ತಳ್ಳುವುದೂ ಕಡಿಮೆ. ವ್ಯಾಯಾಮ ರೂಢಿಯಾದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಕಳಿಸುತ್ತದೆ. ಸುಮ್ಮನೆ ಕೂತಾಗ ಮೈಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. 72 ಸಲ ಬಡಿದು 70 ಮಿಲಿಲೀಟರಿನಂತೆ ಕಳಿಸುತ್ತಿದ್ದದ್ದು, 60 ಸಲ ಬಡಿದು 83ರಂತೆ ಕಳಿಸಿದರೂ ಲೆಕ್ಕ ಸರಿಹೋಗುತ್ತದೆ. ನಾಡಿ ನಿಧಾನವಾಗುವುದು ಹೀಗೆ.

ಟಿಪ್ಪಣಿಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕೂತು ಕಾಲ ಕಳೆಯುತ್ತಿದ್ದ ನಡುವಯಸ್ಸಿನವರಲ್ಲಿ ಒಂದು ತಂಡಕ್ಕೆ ಎರಡು ವರ್ಷ ತಾಲೀಮು ಕೊಟ್ಟರು. ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇ. 18ರಷ್ಟು ಏರಿತು, ಹೃದಯದ ಬಿಗಿತವೂ ಇಳಿಯಿತು. 65 ದಾಟಿದವರಿಗೆ ಅದಕ್ಕೂ ಮೊದಲು ಒಂದು ವರ್ಷ ತಾಲೀಮು ಕೊಟ್ಟು ನೋಡಿದಾಗ ಸಾಮರ್ಥ್ಯ ಏರಿತ್ತು, ಬಿಗಿತ ಮಾತ್ರ ಅಷ್ಟಾಗಿ ಜಗ್ಗಿರಲಿಲ್ಲ. (ನನಗೆ 67. ಈ ಸಾಲನ್ನು ಸಣ್ಣ ಅಕ್ಷರದಲ್ಲಿ ಹಾಕಿಸುವ ಆಸೆ ಇದೆ.)

ಈಗ ಪದದ ಕಷ್ಟ. ಹೃದಯದ ಸುತ್ತ ನಮ್ಮ ನುಡಿಗಟ್ಟುಗಳು ಮೊದಲೇ ಬೇಲಿ ಹಾಕಿ ಕೂತಿವೆ. ‘ಗುಂಡಿಗೆ ಗಟ್ಟಿ’ ಎಂದರೆ ಧೈರ್ಯ. ‘ಹೃದಯ ಮೃದುವಾಗುತ್ತದೆ’ ಎಂದರೆ ಕರುಣೆ ಹುಟ್ಟಿತು ಎಂದಾಯಿತು. ‘ಮೆತ್ತಗಾಗುತ್ತದೆ’ ಎಂದರೆ ಸೋತು ಸುಣ್ಣವಾಯಿತು ಎಂದು. ‘ಸಡಿಲ’ ಎಂದರೆ ನಟ್ಟು ಬಿಚ್ಚಿದ ಹಾಗೆ. ಪಠ್ಯಪುಸ್ತಕದ ‘ಸ್ಥಿತಿಸ್ಥಾಪಕತೆ’ಯನ್ನು ಪಾರ್ಕಿನಲ್ಲಿ ಯಾರೂ ಒಂದೇ ಉಸಿರಿಗೆ ಓದಲಾರರು.

ಬಿಗಿತಕ್ಕೆ ಪದ ಸಿಕ್ಕಿದ್ದು ಅರಕಲಗೂಡು ಕಡೆಯ ಹಿರಿಯರೊಬ್ಬರಿಂದ. ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡವರು, ‘ಅಟ್ಟದ ಮೇಲೆ ಬಿಸಾಕಿದ ಮಿಣಿ ಪೆಡಸಾಗುವುದಿಲ್ಲವೇ, ಹಾಗೆ’ ಎಂದರು. ನೊಗ ಕಟ್ಟುವ ಚರ್ಮದ ಹಗ್ಗ ಮಿಣಿ. ದಿನವೂ ಬಳಸಿದರೆ ಬಳುಕುತ್ತದೆ, ಒಂದು ಮಳೆಗಾಲ ಬಿಟ್ಟರೆ ಕೋಲಿನಂತೆ ಸೆಟೆಯುತ್ತದೆ, ಆಮೇಲೆ ಹರಳೆಣ್ಣೆ ಹಚ್ಚಿ ತಿಕ್ಕಬೇಕು. ಹಳಗನ್ನಡದ ಎಷ್ಟೋ ಪಕಾರಗಳು ಹಕಾರವಾಗಿ ಸವೆದರೂ ಈ ಪದ ಪೆಡಸಾಗಿಯೇ ಉಳಿದಿದೆ. ನನಗಂತೂ ತುಂಬ ಹಿಡಿಸಿತು.

ಆದರೆ ಪೆಡಸು ಹೋದ ಹೃದಯಕ್ಕೆ ಏನೆನ್ನಬೇಕು? ‘ಹಿಗ್ಗುತ್ತದೆ’ ಎಂದು ಬರೆದೆ. ಅಗಲವಾಗುವುದೂ ಹಿಗ್ಗು, ಸಂತೋಷವೂ ಹಿಗ್ಗು. ಎಷ್ಟು ಚೆಂದ ಎಂದುಕೊಂಡೆ. ವೈದ್ಯರು ಒಪ್ಪಲಿಲ್ಲ. ರೋಗದಿಂದ ಹೃದಯ ದೊಡ್ಡದಾದಾಗಲೂ ಮನೆಯವರಿಗೆ ‘ಹಾರ್ಟ್ ಹಿಗ್ಗಿದೆ’ ಎಂದೇ ಹೇಳುತ್ತಾರಂತೆ. ಆ ಮಾತು ಕೇಳಿದ ಮನೆಗೆ ಈ ಕರಪತ್ರ ಹೋದರೆ ನಡೆಯುವುದನ್ನೇ ನಿಲ್ಲಿಸಿಬಿಟ್ಟಾರು.

‘ಪಳಗಿದ ಹೃದಯ’ ಎನ್ನೋಣವೇ? ಪಳಗಿದ ಕೈ ಎನ್ನುತ್ತೇವಲ್ಲ. ಅದರಲ್ಲಿ ತಾಲೀಮಿನ ವಾಸನೆ ಇದೆ, ಅಗಲವಾಗುವ ಅರ್ಥವಿಲ್ಲ. ‘ಬಳುಕು’ ನಡುವಿಗೂ ಬಳ್ಳಿಗೂ ಸರಿ, ರಕ್ತ ತುಂಬುವ ಚೀಲಕ್ಕೆ ಹೊಂದೀತೇ? ಇನ್ನು ಕೂತೇ ಇರುವವರನ್ನು ‘ಜಡಜೀವಿಗಳು’ ಎಂದು ಬರೆದಿದ್ದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತು ದುಡಿದ ನನ್ನ ಹೆಂಡತಿ ಓದಿ, ‘ಯಾರಿಗೆ ರೀ ಈ ಬೈಗುಳ?’ ಎಂದಳು. ಅಲ್ಲಿ ‘ಕೂತು ದುಡಿಯುವವರು’ ಎಂದು ತಿದ್ದಿದ್ದೇನೆ.

ಚರ್ಮದ ಕೆಲಸ, ಮದ್ದಳೆ, ತಮಟೆ ಬಲ್ಲವರು ಯಾರಾದರೂ ಇದ್ದರೆ ಹೇಳಿ: ಪೆಡಸಾದ ಚರ್ಮ ಹದಕ್ಕೆ ಬಂದು, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನಂತಾಗುವ ಗುಣಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ? ಕರಪತ್ರ ಭಾನುವಾರ ಅಚ್ಚಿಗೆ ಹೋಗುತ್ತದೆ.