‘ಸಂಸ್ಕಾರ’ ಸಿನಿಮಾ ನೋಡಿ ನಮ್ಮವ್ವ ಕೇಳಿದ್ದು: ಚಂದ್ರಿ ಉಂಡಳಾ?

ಬೈಂಡಿಂಗ್ ಅಂಗಡಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಬೈಂಡಿಂಗ್ ಅಂಗಡಿ ಇದೆ. ಮೇಲಿನ ಖೋಲಿಯಲ್ಲಿ ತಿಂಗಳಿಗೊಂದು ಭಾನುವಾರ ಇಪ್ಪತ್ತು ಜನ ಸೇರುತ್ತೇವೆ. ಒಂದು ಪುಸ್ತಕ ಓದಿಕೊಂಡು ಬಂದು ಮಾತಾಡುತ್ತೇವೆ. ಹೋದ ತಿಂಗಳು ಅನಂತಮೂರ್ತಿಯವರ ‘ಸಂಸ್ಕಾರ’ ಓದಿದೆವು. ಈ ತಿಂಗಳು ಅದರದೇ ಸಿನಿಮಾ ಹಾಕಿದೆವು, 1970ರದ್ದು. ಗೋಡೆಗೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರ್ ಬಾಡಿಗೆ ತಂದೆವು. ಕಿಟಕಿಗೆ ಹಳೇ ಕ್ಯಾಲಿಕೋ ಬಟ್ಟೆ.

ಓದಿದವರಿಗೆ ಕಥೆ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮಾಂಸ ತಿಂದವನು, ಸಾಲಿಗ್ರಾಮ ಹೊಳೆಗೆ ಎಸೆದವನು, ಚಂದ್ರಿ ಅನ್ನುವವಳನ್ನು ಮನೆಗೆ ತಂದು ಇಟ್ಟುಕೊಂಡವನು. ಅವನ ಹೆಣ ಸುಡುವವರು ಯಾರು? ಖರ್ಚಿಗೆ ಅಂತ ಚಂದ್ರಿ ತನ್ನ ಬಂಗಾರ ಬಿಚ್ಚಿ ಇಡುತ್ತಾಳೆ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿ ಗುಡಿಯಲ್ಲಿ ಕೂರುತ್ತಾರೆ. ಉತ್ತರ ಸಿಗುವುದಿಲ್ಲ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ.

ಪರದೆ ಮೇಲೆ ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು ಬಂದ ಕೂಡಲೇ ಹಿಂದೆ ಕೂತ ಹಿರಿಯರು ಚಪ್ಪಾಳೆ ಹೊಡೆದರು. ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಅಷ್ಟು ಅಭಿಮಾನ ಇದ್ದೇ ಇರುತ್ತದೆ. ಅರ್ಧ ತಾಸು ಆದ ಮೇಲೆ ಹುಡುಗರ ಕೈಯಲ್ಲಿ ಫೋನ್ ಬೆಳಗತೊಡಗಿತು. ಮುಗಿದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಬೇಜಾರಿನಲ್ಲಿ ಹೇಳಿದರು: ಪುಸ್ತಕದಾಗ ಆಚಾರ್ಯರ ತಲಿಯೊಳಗ ಏನ ನಡದೈತಿ ಅನ್ನೋದ ಎಲ್ಲಾ ತಿಳೀತದ, ಇಲ್ಲಿ ಬರೇ ಮುಖ ಕಾಣ್ತದ. ನನಗೂ ಹಾಗೇ ಅನಿಸಿತ್ತು. ಈ ಕಾದಂಬರಿ ನಾನು ಮೂರು ಸಲ ಓದಿದ್ದೇನೆ. ನನ್ನ ಪ್ರತಿಗೆ ನಾನೇ ಎರಡು ಸಲ ಹೊಲಿಗೆ ಹಾಕಿದ್ದೇನೆ. ಅಂಚಿನ ತುಂಬಾ ಪೆನ್ಸಿಲ್ ಗೆರೆ.

ನಮ್ಮವ್ವನಿಗೆ 76. ನಾಲ್ಕನೇ ಇಯತ್ತೆವರೆಗೆ ಓದಿದ್ದಾಳೆ, ಕಾದಂಬರಿ ಓದಿಲ್ಲ. ಮೊಣಕಾಲು ನೋವು, ಅದಕ್ಕೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ತಾಟು ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಇಲಿ ಸಾಯುವುದು ಬಂತು ನೋಡಿ, ಅವಳ ಕೈ ನಿಂತಿತು. “ಇಲಿ ಬಿತ್ತಂದ್ರ ಮನಿ ಬಿಡಬೇಕು,” ಅಂದಳು, ಯಾರಿಗೋ ಅಲ್ಲ, ಸುಮ್ನೆ. 1898ರ ಸುಮಾರಿಗೆ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಅವಳಜ್ಜಿ ಸಣ್ಣ ಹುಡುಗಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ಮುಂದೆ ಸಿನಿಮಾ ಮುಗಿಯುವವರೆಗೂ ತಾಟಿನಲ್ಲಿ ಒಂದು ಕಾಯಿಯೂ ಸುಲಿಯಲಿಲ್ಲ.

ಆಮೇಲೆ ಚರ್ಚೆ ಶುರುವಾಯಿತು. ಧರ್ಮ ಅಂದರೇನು, ಆಚಾರ್ಯರು ಬಿದ್ದರೋ ಎದ್ದರೋ, ಹೀಗೆ. ನಡುವೆ ಅವ್ವ ಕೇಳಿದಳು: “ಆ ಹುಡುಗಿ ಉಂಡಾಳೋ ಇಲ್ಲೋ? ಎಲ್ಲಾರೂ ಅಕಿ ಬಂಗಾರದ ಬಗ್ಗೆ ಮಾತಾಡಿದ್ರು. ಒಬ್ಬರರ ಉಣ್ಣ ತಂಗಿ ಅಂದ್ರೇನು?”

ಖೋಲಿಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ನಮ್ಮ ಓಣಿಯಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಣ್ಣು ಮುಗಿಸಿ ಬಂದವರಿಗೆ ಪಕ್ಕದ ಮನೆಯವರು ಬುತ್ತಿ ತರುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಅವ್ವ ಆ ಬುತ್ತಿ ಕಟ್ಟುವುದನ್ನು ನೋಡಿದ್ದೇನೆ. ಜೋಳದ ರೊಟ್ಟಿ, ಅನ್ನ, ತಿಳಿಸಾರು. ಉಪ್ಪು ಕಡಿಮೆ ಹಾಕುತ್ತಾಳೆ, ಅತ್ತು ಅತ್ತು ಬಾಯಿ ಒಣಗಿರುತ್ತದೆ ಅಂತ.

ರಾತ್ರಿ ಪುಸ್ತಕ ತೆಗೆದೆ. ಕಾಡಿನಲ್ಲಿ ಚಂದ್ರಿ, ಆಚಾರ್ಯರು ಸೇರುವ ಭಾಗ. ಅವಳು ತನ್ನ ಹಸಿವಿಗೆ ಅಂತ ಕಿತ್ತುಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದ ಬಾಳೆಹಣ್ಣನ್ನು ಅವರಿಗೆ ಕೊಡುತ್ತಾಳೆ. ಆ ಪುಟದಲ್ಲಿ ಆಚಾರ್ಯರು ‘ಅಮ್ಮಾ’ ಅನ್ನುವಲ್ಲಿ ನಾನು ಗೆರೆ ಎಳೆದಿದ್ದೆ. ಬಾಳೆಹಣ್ಣಿನ ಸಾಲಿಗೆ ಎಳೆದಿರಲಿಲ್ಲ. ಮೂರು ಸಲ ಓದಿಯೂ!

ನನ್ನ ಪ್ರಶ್ನೆ ಇಷ್ಟು. ಈ ಸಿನಿಮಾ ನೋಡುವಾಗ ನಿಮ್ಮ ಪಕ್ಕದವರು ಎಲ್ಲಿ ಅಲುಗಾಡಿದರು, ಎಲ್ಲಿ ಸಿಟ್ಟಾದರು? ಪುಸ್ತಕದಲ್ಲಿ ನಮಗೆ ಕಾಣದ್ದು ಸಿನಿಮಾದಲ್ಲಿ ಕಂಡಿತಾ? ಇಲ್ಲಾ ಅದು ಅವ್ವನ ಕಣ್ಣೇ ಹಾಗಾ?

ಗುಡಿ ಓಣಿ, ಗದಗ

ತಂಗಿ, ನಿಮ್ಮ ಬರಹ ಓದಿ ಬೆಳಿಗ್ಗೆಯಿಂದ ಅದೇ ತಲೆಯಲ್ಲಿದೆ.

ನಾವು ವೀರನಾರಾಯಣ ಗುಡಿಯ ಹತ್ತಿರದವರು, ಮಾಧ್ವರು. ನನಗೀಗ 71. ಸಿನಿಮಾವನ್ನು ಸೆನ್ಸಾರಿನವರು ಮೊದಲು ತಡೆದಿದ್ದರು, ಆಮೇಲೆ ಬಿಟ್ಟರು. ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದೇ ಮೊದಲು. ಪೇಪರಿನಲ್ಲಿ ಓದಿ ಊರೇ ಹಿಗ್ಗಿತ್ತು. ನಮ್ಮ ಮನೆಯವರು ಮಾತ್ರ ಹಿಗ್ಗಲಿಲ್ಲ. “ನಮ್ಮ ಮಂದಿ ಮಾನ ಕಳದಾರ. ನೋಡಿ ಬಂದ್ರ ಹೊಸ್ತಿಲಾ ತುಳೀಬ್ಯಾಡ,” ಅಂತ ಅಪ್ಪ ಹೇಳಿಬಿಟ್ಟರು. ಅವರು ಸಿನಿಮಾ ನೋಡಿರಲಿಲ್ಲ, ಪುಸ್ತಕವನ್ನೂ ಮುಟ್ಟಿರಲಿಲ್ಲ. ಆದರೆ ಅವರ ನೋವು ಸುಳ್ಳಲ್ಲ. ದಿನಾ ಮಡಿ ಉಟ್ಟು ಪೂಜೆ ಮಾಡಿದ ಮನುಷ್ಯ. ತನ್ನ ಬದುಕನ್ನೇ ಯಾರೋ ಬೀದಿಗೆ ಎಳೆದರು ಅನಿಸಿತ್ತು ಅವರಿಗೆ.

ನಾನು ನೋಡಿದ್ದು ನೌಕರಿಗೆ ಸೇರಿದ ಮೇಲೆ, ಬೆಂಗಳೂರಿನಲ್ಲಿ. ದಾಸಾಚಾರ್ಯ ಬಂದಾಗೆಲ್ಲ ಜನ ನಗುತ್ತಿದ್ದರು. ಹಸಿವು ತಡೆಯದ ಬಡ ಬ್ರಾಹ್ಮಣ, ಶ್ರಾದ್ಧ ತಿಥಿ ಊಟದ ಮೇಲೆ ಬದುಕುವವನು. ನನಗೆ ನಗು ಬರಲಿಲ್ಲ. ನಮ್ಮ ಸೋದರಮಾವ ಹಾಗೇ ಇದ್ದರು. ಎಲ್ಲಿ ತಿಥಿ ಅಂದರೆ ಅಲ್ಲಿಗೆ ನಡೆದೇ ಹೋಗುವರು. ಉಂಡು ಬಂದು, ಎರಡು ರೂಪಾಯಿ ದಕ್ಷಿಣೆಯನ್ನು ಧೋತರದ ಸೊಂಟದಿಂದ ಬಿಚ್ಚಿ ಅತ್ತೆಯ ಕೈಗೆ ಕೊಡುವರು. ಆ ನೋಟು ಬೆವರಿಗೆ ಮೆತ್ತಗಾಗಿರುತ್ತಿತ್ತು. ಕಾದಂಬರಿಯಲ್ಲಿ ದಾಸಾಚಾರ್ಯ ಪಕ್ಕದ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ ಗುಟ್ಟಾಗಿ ತಿಂದು ಬರುತ್ತಾನೆ, ನೆನಪಿದೆಯಾ? ಹೆಣ ಅಲ್ಲೇ ಇದೆ, ಇವನಿಗೆ ಹೊಟ್ಟೆ ತಡೆಯುತ್ತಿಲ್ಲ. ನಿಮ್ಮ ತಾಯಿಯವರಿಗೆ ಕಂಡದ್ದು ಪುಸ್ತಕದಲ್ಲೇ ಇದೆ. ನಾವು ಕಲಿತವರು ಅದನ್ನು ದಾಟಿಕೊಂಡು ಹೋಗಿದ್ದೇವೆ, ಅಷ್ಟೇ.

ಸರೋದ್ ಕಲಿಯುವವಳು, ಹುಬ್ಬಳ್ಳಿ

ಅಕ್ಕಾ, ಹುಡುಗರು ಫೋನ್ ನೋಡಿದರು ಅಂದಿರಿ. ನಾನೂ ಅದೇ ವಯಸ್ಸಿನವಳು. ಮೊದಲ ಸಲ ನಾನೂ ನೋಡಿದೆ. ಎರಡನೇ ಸಲ ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತೆ. ಆವಾಗ ಹಿಡಿಯಿತು.

‘ಬರೇ ಮುಖ’ ಅನ್ನುವ ಮಾತಿಗೆ ನನ್ನ ತಕರಾರಿದೆ. ಈ ಕಾದಂಬರಿಯ ಮೂಲದಲ್ಲೇ ಒಂದು ಸಿನಿಮಾ ಇದೆ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಅದೂ ಪ್ಲೇಗಿನ ಕಾಲದ ಕಥೆ. ಸಬ್‌ಟೈಟಲ್ ಇರಲಿಲ್ಲ, ಮಾತು ಪೂರ್ತಿ ತಿಳಿಯಲಿಲ್ಲ. ಆ ಹೊತ್ತಿನಲ್ಲೇ ‘ಸಂಸ್ಕಾರ’ ಬರೆಯುವ ಯೋಚನೆ ಶುರುವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮಾತು ತಿಳಿಯದೆಯೂ ಮುಖ ನೋಡಿಯೇ ಅಷ್ಟು ದೊಡ್ಡ ಪುಸ್ತಕ ಹುಟ್ಟಿತಲ್ವಾ? ಹಾಗಾದರೆ ಕಾರ್ನಾಡರ ಮುಖ ನೋಡಿ ನಾವೂ ಸ್ವಲ್ಪ ಕಷ್ಟಪಡಬಹುದು.

ಸಂಗೀತ ರಾಜೀವ ತಾರಾನಾಥರದು. ನಾನು ಸಿನಿಮಾ ಹುಡುಕಿದ್ದೇ ಅವರ ಸರೋದಿಗಾಗಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ನಾವು ದಿನಾ ನೋಡಿ ನೋಡಿ ಬಿಟ್ಟ ಹೆಂಚು, ಜಗಲಿ, ಅಂಗಳ ಅವರಿಗೆ ಹೊಸದಾಗಿ ಕಂಡಿದೆ ಅನಿಸುತ್ತದೆ.

ಒಂದು ಮಾತು ಹೇಳಲೇಬೇಕು. ಚಂದ್ರಿ ಆದವರು ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟರು. ಅಸ್ತಮಾ ಇತ್ತು. ಬಿಡುಗಡೆಯಾಗಿ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇದು ಗೊತ್ತಾದ ಮೇಲೆ ಆ ಮುಖ ಬಂದರೆ ನನಗೆ ಕಥೆ ಮರೆತುಹೋಗುತ್ತದೆ. ನಿಮ್ಮ ತಾಯಿಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆದರೂ ಆ ಮುಖದಲ್ಲಿ ಹಸಿವು ಕಂಡಿತಲ್ಲ.

ಹೊಲ-ಮನಿ, ಹಾವೇರಿ

ಅಕ್ಕಾರ, ಎಲ್ಲಾ ಒಪ್ಪಿದೆ. ಆದರೆ ಸಿನಿಮಾ ಪುಸ್ತಕಕ್ಕೆ ಸಮ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಾದಂಬರಿಯ ಕೊನೆಗೆ ಬರುವ ಮೇಳಿಗೆಯ ತೇರು ನೋಡಿ. ಆಚಾರ್ಯರು ದಾರಿಯಲ್ಲಿ ಜೊತೆಯಾದ ಪುಟ್ಟನ ಬೆನ್ನು ಹತ್ತಿ ಜಾತ್ರೆಯಲ್ಲಿ ತಿರುಗುತ್ತಾರೆ, ಕೋಳಿ ಜಗಳ ನೋಡುತ್ತಾರೆ, ಹೆಂಡತಿ ಸತ್ತ ಸೂತಕ ಇಟ್ಟುಕೊಂಡೇ ಗುಡಿಯ ಪಂಕ್ತಿಯಲ್ಲಿ ಉಣ್ಣಲು ಕೂರುತ್ತಾರೆ. ಯಾರಾದರೂ ಗುರುತು ಹಿಡಿದಾರು ಅನ್ನುವ ಆ ಅಂಜಿಕೆ ಓದುವಾಗ ನನಗೆ ಅನ್ನ ಗಂಟಲಲ್ಲಿ ಸಿಕ್ಕಿದ ಹಾಗಾಗಿತ್ತು. ನಾನು ಆ ಪುಟ ಓದಿದ್ದು ಹೊಲದಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ. ಸಿನಿಮಾದಲ್ಲಿ ಅಷ್ಟು ಹತ್ತಿರ ಬರಲಿಲ್ಲ. ಎರಡು ತಾಸಿನೊಳಗೆ ಮುಗಿಸಬೇಕಲ್ಲ, ಅವರಾದರೂ ಏನು ಮಾಡಿಯಾರು.

ನಿಮ್ಮವ್ವಗ ಆ ಭಾಗ ಓದಿ ಹೇಳ್ರಿ. ಊಟದ್ದೇ ಐತಿ ಅದು.

ಬೈಂಡಿಂಗ್ ಅಂಗಡಿ, ಧಾರವಾಡ

ಎಲ್ಲರಿಗೂ ಉಪಕಾರ ಆಯಿತು. ಗದಗಿನ ಕಾಕಾ, ನಿಮ್ಮ ಸೋದರಮಾವನ ವಿಷಯ ಅವ್ವನಿಗೆ ಓದಿ ಹೇಳಿದೆ. “ನೋಟು ಮೆತ್ತಗಾಗಿತ್ತು ಅಂದ್ರಾ?” ಅಂತ ಎರಡು ಸಲ ಕೇಳಿದಳು.

ಹಾವೇರಿಯ ಅಣ್ಣಾರ ಮಾತು ಕೇಳಿ ನಾಲ್ಕು ದಿನದಿಂದ ಪುಸ್ತಕ ಮೊದಲಿನಿಂದ ಓದುತ್ತಿದ್ದೇನೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಒಂದು ತಾಸು. ಮಾರುತಿ ಗುಡಿಯ ಭಾಗ ಬಂದಾಗ ಅವ್ವ ಏನೂ ಅನ್ನಲಿಲ್ಲ. ಬಾಳೆಹಣ್ಣಿನ ಹತ್ತಿರ ಮಾತ್ರ ನಿಲ್ಲಿಸಿದಳು. “ತನ್ನ ಹೊಟ್ಟಿ ಕಟಗೊಂಡು ಕೊಟ್ಲು ನೋಡು,” ಅಂದಳು. ಆ ಸಾಲಿಗೆ ಗೆರೆ ಎಳೆಯಲು ಪೆನ್ಸಿಲ್ ತೆಗೆದೆ, ಅವ್ವ ತಾನೇ ಇಸಿದುಕೊಂಡು ಎಳೆದಳು. ಕೈ ನಡುಗಿ ಗೆರೆ ಮುಂದಿನ ಸಾಲಿಗೂ ಇಳಿದಿದೆ.

ಆಚಾರ್ಯರು ಇನ್ನೂ ಮೇಳಿಗೆ ಮುಟ್ಟಿಲ್ಲ. ಇವತ್ತು ಪುಟ್ಟ ಸಿಗುತ್ತಾನೆ.